ಎರಡು ಕೀಮೊ ಆದರೂ ಗಡ್ಡೆ ಕರಗಿಲ್ಲ, ಬೇರೆ ಸ್ಕ್ಯಾನ್ ಮಾಡಿಸಬೇಕೆ?

ಪ್ರಶ್ನೆ: ನನ್ನ ಅಕ್ಕನಿಗೆ 46 ವರ್ಷ. ಎಡ ಸ್ತನದಲ್ಲಿ ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ರಿಸೆಪ್ಟರ್, ಹರ್-2 ಪ್ರೋಟೀನ್ ಮೂರೂ ಇಲ್ಲದ) ಕ್ಯಾನ್ಸರ್. ಕಂಕುಳಿನ ಒಂದು ಗ್ರಂಥಿಗೂ ಹರಡಿದೆ ಎಂದು ಬಯಾಪ್ಸಿಯಲ್ಲಿ ಬಂತು. ಮೊದಲು ಕೀಮೊ, ಆಮೇಲೆ ಆಪರೇಷನ್ ಎಂದಿದ್ದಾರೆ. ಮೂರು ವಾರಕ್ಕೊಮ್ಮೆ ಎಸಿ (ಎರಡು ಕೀಮೊ ಔಷಧಗಳ ಜೋಡಿ) ನಾಲ್ಕು ಸಲ, ನಂತರ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೊ ಔಷಧ 12 ಸಲ. ಶುರುವಿನಲ್ಲಿ ಗಡ್ಡೆ ಅಲ್ಟ್ರಾಸೌಂಡ್‌ನಲ್ಲಿ 3.2 ಸೆಂ.ಮೀ., ಎಂಆರ್‌ಐಯಲ್ಲಿ 3.8 ಸೆಂ.ಮೀ. ಇತ್ತು. ಎರಡು ಕೀಮೊ ಆದಮೇಲೆ ಬೇರೊಂದು ಕಡೆ ಅಲ್ಟ್ರಾಸೌಂಡ್ ಮಾಡಿಸಿದೆವು, 3.4 ಸೆಂ.ಮೀ. ಎಂದು ಬಂದಿದೆ. ಡಾಕ್ಟರು ಕೈಯಿಂದ ಮುಟ್ಟಿ ನೋಡಿ 'ಮೆತ್ತಗಾಗಿದೆ, ಮುಂದುವರಿಸೋಣ' ಎನ್ನುತ್ತಾರೆ. ನಮಗೆ ಧೈರ್ಯ ಬರುತ್ತಿಲ್ಲ. ಪ್ರತಿ ಸುತ್ತಿಗೂ ಪೆಟ್ ಸ್ಕ್ಯಾನ್ ಮಾಡಿಸಿದರೆ ನಿಜ ಗೊತ್ತಾಗುತ್ತದೆಯೇ? ಬೆಳಕಿನಿಂದ ನೋಡುವ ಸ್ಕ್ಯಾನ್, ಈಸ್ಟ್ರೊಜೆನ್ ಪೆಟ್ ಎಂದೆಲ್ಲ ಓದಿದ್ದೇನೆ. ಕೊನೆಗೆ ಎಂಆರ್‌ಐಯಲ್ಲಿ ಏನೂ ಕಾಣದಿದ್ದರೆ ಆಪರೇಷನ್ ತಪ್ಪಿಸಬಹುದೇ?

ಉತ್ತರ: 3.2 ಇದ್ದದ್ದು 3.4 ಆಯಿತು ಎಂಬುದನ್ನು 'ಗಡ್ಡೆ ಬೆಳೆದಿದೆ' ಎಂದು ಓದಬೇಡಿ. ನಿಮ್ಮ ಭಯಕ್ಕೆ ಕಾರಣವಾಗಿರುವುದು ಆ 2 ಮಿಲಿಮೀಟರ್. ಅಲ್ಟ್ರಾಸೌಂಡ್‌ನಲ್ಲಿ ಅಷ್ಟು ವ್ಯತ್ಯಾಸ ಬರಲು ಕ್ಯಾನ್ಸರ್ ಬೆಳೆಯಲೇಬೇಕೆಂದಿಲ್ಲ. ಪ್ರೋಬನ್ನು (ಮೈಮೇಲೆ ಇಟ್ಟು ನೋಡುವ ಉಪಕರಣ) ಸ್ವಲ್ಪ ಓರೆಯಾಗಿ ಹಿಡಿದರೆ ಗಡ್ಡೆಯ ಬೇರೆ ಅಡ್ಡಕೊಯ್ತ ಕಾಣುತ್ತದೆ, ಒತ್ತಿ ಹಿಡಿದರೆ ಗಡ್ಡೆ ಚಪ್ಪಟೆಯಾಗಿ ಉದ್ದ ಕಾಣುತ್ತದೆ. ಅಂಚಿನ ಸುತ್ತ ಮಸುಕಾಗಿ ಕಾಣುವ ಪಟ್ಟಿಯನ್ನು ಒಬ್ಬರು ಅಳತೆಗೆ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ನೀವು ಯಂತ್ರವನ್ನೂ ನೋಡುವವರನ್ನೂ ಎರಡನ್ನೂ ಬದಲಿಸಿದ್ದೀರಿ. ಗಡ್ಡೆಯ ಅಳತೆಗೆ ಬಳಸುವ ರೆಸಿಸ್ಟ್ ನಿಯಮಾವಳಿಯ 2009ರ ಆವೃತ್ತಿಯಲ್ಲಿ 'ರೋಗ ಮುಂದುವರಿದಿದೆ' ಎನ್ನಲು ಅಳತೆ ಕನಿಷ್ಠ ಶೇ. 20 ಹೆಚ್ಚಬೇಕು, ಅದರ ಜೊತೆಗೆ 5 ಮಿ.ಮೀ. ಆದರೂ ಹೆಚ್ಚಿರಬೇಕು. ನಿಮ್ಮದು ಶೇ. 6ರಷ್ಟು. ಅದೇ ನಿಯಮದಲ್ಲಿ 'ಭಾಗಶಃ ಸ್ಪಂದಿಸಿದೆ' ಎನ್ನಲು ಶೇ. 30 ಇಳಿಯಬೇಕು. ಇವೆರಡರ ನಡುವಿನದ್ದೆಲ್ಲ 'ಸ್ಥಿರ'. ಎರಡೇ ಸುತ್ತಿನ ನಂತರ ಬಹಳ ಜನ ಈ 'ಸ್ಥಿರ'ದಲ್ಲೇ ಇರುತ್ತಾರೆ.

ಇನ್ನೊಂದು ತಪ್ಪು ಮನೆಮಂದಿ ಮಾತ್ರವಲ್ಲ, ಅವಸರದಲ್ಲಿ ವೈದ್ಯರೂ ಮಾಡುತ್ತಾರೆ: ಎಂಆರ್‌ಐಯ 3.8 ಅನ್ನೂ ಅಲ್ಟ್ರಾಸೌಂಡ್‌ನ 3.4 ಅನ್ನೂ ಪಕ್ಕಪಕ್ಕ ಇಟ್ಟು '4 ಮಿ.ಮೀ. ಕಡಿಮೆಯಾಗಿದೆ' ಎಂದು ಸಮಾಧಾನಪಡುವುದು. ಅದೂ ಸಲ್ಲದು. ಮೊದಲ ದಿನವೇ ನಿಮ್ಮ ಅಕ್ಕನ ವಿಷಯದಲ್ಲಿ ಎರಡರ ನಡುವೆ 6 ಮಿ.ಮೀ. ಅಂತರ ಇತ್ತಲ್ಲ. ಯಾವುದರಿಂದ ಶುರುಮಾಡಿದ್ದೀರೋ ಅದರಿಂದಲೇ ಮತ್ತೆ ಅಳೆಯಬೇಕು. ಸಾಧ್ಯವಾದರೆ ಅದೇ ಜಾಗದಲ್ಲಿ, ಅದೇ ಯಂತ್ರದಲ್ಲಿ.

ಗಾತ್ರ ಯಾಕೆ ತಡವಾಗಿ ಇಳಿಯುತ್ತದೆ

ಗಡ್ಡೆ ಎಂದರೆ ಬರೀ ಕ್ಯಾನ್ಸರ್ ಕೋಶಗಳ ಉಂಡೆಯಲ್ಲ. ಅದರೊಳಗೆ ನಾರಿನ ಅಂಗಾಂಶ, ರಕ್ತನಾಳ, ಉರಿಯೂತದ ಕೋಶ, ನೀರು ಎಲ್ಲ ಇವೆ. ಕೀಮೊ ಕೋಶಗಳನ್ನು ಕೊಂದರೂ ಸತ್ತ ಕೋಶಗಳನ್ನು ದೇಹ ಸಾಗಿಸಬೇಕು, ನಾರು ಕುಗ್ಗಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ. ಆ ಹೊತ್ತಿಗೆ ಒಳಗಿನ ಬದಲಾವಣೆ ಎಷ್ಟೋ ಮುಂದೆ ಹೋಗಿರುತ್ತದೆ. ಮೊದಲು ಕೋಶದ ಸಕ್ಕರೆಯ ಬಳಕೆ ಇಳಿಯುತ್ತದೆ, ಆಮೇಲೆ ರಕ್ತ ಪೂರೈಕೆ, ಆಮೇಲೆ ಕೋಶಗಳ ದಟ್ಟಣೆ. ಹೊರಗಿನ ಅಳತೆ ಇಳಿಯುವುದು ಕೊನೆಗೆ. ಹೊಸ ಇಮೇಜಿಂಗ್ ವಿಧಾನಗಳೆಲ್ಲ ಈ ಮೊದಲಿನ ಹಂತಗಳನ್ನು ಹಿಡಿಯಲು ನಡೆದಿರುವ ಪ್ರಯತ್ನ. ಡಾಕ್ಟರು 'ಮೆತ್ತಗಾಗಿದೆ' ಎಂದದ್ದು ಬಾಯಿಮಾತಿನ ಸಮಾಧಾನವಲ್ಲ. ಗಟ್ಟಿತನ ಕಡಿಮೆಯಾಗುವುದು ಒಂದು ನಿಜವಾದ ಲಕ್ಷಣ. ಶಿಯರ್ ವೇವ್ ಎಲಾಸ್ಟೊಗ್ರಫಿ ಎಂಬ ಅಲ್ಟ್ರಾಸೌಂಡ್ ವಿಧಾನ ಇದನ್ನೇ ಕಿಲೋಪಾಸ್ಕಲ್ ಲೆಕ್ಕದಲ್ಲಿ ಅಳೆಯುತ್ತದೆ. ಪ್ರೋಬ್ ಒತ್ತಿ ಹಿಡಿದರೆ ಅದರಲ್ಲೂ ಗಟ್ಟಿತನ ಸುಳ್ಳಾಗಿ ಏರುತ್ತದೆ ಎಂಬುದು ಬೇರೆ ಮಾತು.

ವ್ಯಾಸ ಸ್ವಲ್ಪ ಇಳಿದರೂ ಗಾತ್ರ ಬಹಳ ಇಳಿಯುತ್ತದೆ, ಇದನ್ನೂ ಲೆಕ್ಕ ಹಾಕಿ ನೋಡಿ. ಉರುಟಾದ ಗಡ್ಡೆಯ ವ್ಯಾಸ ಶೇ. 10 ಕಡಿಮೆಯಾದರೆ ಅದರ ಘನಗಾತ್ರ ಶೇ. 27 ಕಡಿಮೆಯಾಗಿರುತ್ತದೆ. ವ್ಯಾಸ ಶೇ. 30 ಇಳಿದರೆ ಘನಗಾತ್ರದ ಮೂರನೇ ಎರಡು ಪಾಲು ಹೋಗಿರುತ್ತದೆ. ಹಾಗಾಗಿ ಉದ್ದವೊಂದನ್ನೇ ಅಳೆಯುವ ರಿಪೋರ್ಟ್ ನಿಧಾನದ ಗಡಿಯಾರವಿದ್ದಂತೆ.

ಎಂಆರ್‌ಐ: ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ

ಗ್ಯಾಡೊಲಿನಿಯಂ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚುವ, ಚಿತ್ರದಲ್ಲಿ ಹೊಳೆಯುವ ದ್ರವ) ಕೊಟ್ಟು, ಅದು ಗಡ್ಡೆಯೊಳಗೆ ಎಷ್ಟು ಬೇಗ ಸೇರುತ್ತದೆ, ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂದು ಸರಣಿ ಚಿತ್ರ ತೆಗೆಯುವುದು ಸ್ತನದ ಎಂಆರ್‌ಐಯ ಮೂಲ. ಕ್ಯಾನ್ಸರ್‌ನ ರಕ್ತನಾಳಗಳು ಸೋರುವಂಥವು, ಆದ್ದರಿಂದ ಕಾಂಟ್ರಾಸ್ಟ್ ನುಗ್ಗಿ ಬರುತ್ತದೆ. ಹೀಗೆ ಹೊಳೆಯುವ ಭಾಗವನ್ನಷ್ಟೇ ಕಂಪ್ಯೂಟರಿನಲ್ಲಿ ಕೂಡಿಸಿದರೆ ಸಿಗುವುದು 'ಕ್ರಿಯಾಶೀಲ ಗಡ್ಡೆಯ ಘನಗಾತ್ರ'. ಅಮೆರಿಕದ ಐ-ಸ್ಪೈ 1 ಎಂಬ ಚಿಕಿತ್ಸಾ ಪ್ರಯೋಗದ ಜೊತೆ ನಡೆದ ಎಕ್ರಿನ್ 6657 ಅಧ್ಯಯನದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಗಡ್ಡೆ ಹೇಗೆ ಸ್ಪಂದಿಸುತ್ತದೆ ಎಂದು ಮುಂಚಿತವಾಗಿ ಹೇಳುವುದರಲ್ಲಿ ಕೈಯಿಂದ ಮುಟ್ಟಿ ಅಳೆಯುವುದಕ್ಕಿಂತ ಈ ಘನಗಾತ್ರವೇ ಮೇಲು ಎಂದು ಅದು ತೋರಿಸಿತು. ಚಿಕಿತ್ಸೆಯ ಆರಂಭದ ಹಂತದಲ್ಲೇ ಈ ವ್ಯತ್ಯಾಸ ಎದ್ದು ಕಂಡಿತ್ತು.

ಎರಡನೆಯದು ಡಿಫ್ಯೂಷನ್ ಚಿತ್ರ. ಇದಕ್ಕೆ ಕಾಂಟ್ರಾಸ್ಟ್ ಬೇಕಿಲ್ಲ, ಅದೇ ಯಂತ್ರದಲ್ಲಿ ಕೆಲವು ನಿಮಿಷ ಹೆಚ್ಚು ಅಷ್ಟೆ. ಕೋಶಗಳು ಒತ್ತೊತ್ತಾಗಿ ತುಂಬಿದಲ್ಲಿ ನೀರಿನ ಅಣು ಅಡ್ಡಾಡಲು ಜಾಗವಿರುವುದಿಲ್ಲ. ಕೋಶಗಳು ಸತ್ತು ಪೊರೆ ಒಡೆದಂತೆ ಜಾಗ ತೆರೆದು ನೀರು ಸಲೀಸಾಗಿ ಚಲಿಸುತ್ತದೆ. ಇದನ್ನು ಎಡಿಸಿ ಎಂಬ ಅಂಕಿಯಲ್ಲಿ ಬರೆಯುತ್ತಾರೆ. ಚಿಕಿತ್ಸೆ ಹಿಡಿದರೆ ಎಡಿಸಿ ಏರಬೇಕು. ಕೇಳಲು ಬಹಳ ಸೊಗಸಾಗಿದೆ, ಆದರೆ ಫಲಿತಾಂಶ ಅಷ್ಟು ಸೊಗಸಾಗಿಲ್ಲ. 2018ರಲ್ಲಿ ಪ್ರಕಟವಾದ ಎಕ್ರಿನ್ 6698ರಲ್ಲಿ 3 ವಾರಕ್ಕೆ ಎಡಿಸಿ ಬದಲಾವಣೆಯಿಂದ ಏನೂ ಹೇಳಲಾಗಲಿಲ್ಲ. 12 ವಾರಕ್ಕೆ ಹೇಳಲಾಯಿತು, ಆದರೆ ನಿಖರತೆಯ ಅಂಕ 0.60 ಮಾತ್ರ. ನಾಣ್ಯ ಚಿಮ್ಮಿದರೆ ಬರುವುದು 0.50, ತಪ್ಪೇ ಇಲ್ಲದಿದ್ದರೆ 1. ಕ್ಯಾನ್ಸರ್‌ನ ಉಪಜಾತಿಯನ್ನೂ ಸೇರಿಸಿ ಲೆಕ್ಕ ಹಾಕಿದಾಗ 0.72ಕ್ಕೆ ಏರಿತು. 'ಎಡಿಸಿ ಏರಿಲ್ಲ, ಕೀಮೊ ಬದಲಿಸಿ' ಎಂದು ಒಂದೇ ಅಂಕಿಯ ಮೇಲೆ ಯಾರೂ ಹೇಳಬಾರದು, ನೀವೂ ಕೇಳಬಾರದು.

ಎಂಆರ್‌ಐ ಎಲ್ಲಿ ಎಡವುತ್ತದೆ ಎಂಬುದನ್ನು ತಿಳಿದಿದ್ದರೆ ರಿಪೋರ್ಟ್ ಓದುವುದು ಸುಲಭ. ಕೆಲವು ಗಡ್ಡೆಗಳು ಸುತ್ತಲಿಂದ ಸಮವಾಗಿ ಕುಗ್ಗುತ್ತವೆ. ಇವನ್ನು ಅಳೆಯುವುದು ಸುಲಭ, ಟ್ರಿಪಲ್ ನೆಗೆಟಿವ್ ಮತ್ತು ಹರ್-2 ಪಾಸಿಟಿವ್ (ಹರ್-2 ಪ್ರೋಟೀನ್ ಹೆಚ್ಚಿರುವ) ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದೂ ಇದೇ. ಇನ್ನು ಕೆಲವು ಹುಳ ತಿಂದ ಎಲೆಯಂತೆ ಅಲ್ಲಲ್ಲಿ ತೂತಾಗಿ ಚೂರುಚೂರಾಗುತ್ತವೆ. ಈ ತುದಿಯಿಂದ ಆ ತುದಿಗೆ ಉದ್ದ ಅಷ್ಟೇ ಇರುತ್ತದೆ, ನಡುವೆ ಕ್ಯಾನ್ಸರ್ ಬಹುಪಾಲು ಹೋಗಿರುತ್ತದೆ. ಹಾರ್ಮೋನ್ ಪಾಸಿಟಿವ್ ಗಡ್ಡೆಗಳಲ್ಲಿ ಇದು ಹೆಚ್ಚು, ಅಲ್ಲಿ ಎಂಆರ್‌ಐ ತಪ್ಪುವುದೂ ಹೆಚ್ಚು. ಪ್ಯಾಕ್ಲಿಟ್ಯಾಕ್ಸೆಲ್ ಗುಂಪಿನ ಔಷಧಗಳು ರಕ್ತನಾಳಗಳನ್ನೂ ಬಾಡಿಸುತ್ತವೆ. ಆಗ ಕಾಂಟ್ರಾಸ್ಟ್ ಸೇರದೆ, ಉಳಿದ ಕ್ಯಾನ್ಸರ್ ಚಿತ್ರದಲ್ಲಿ ಮಂಕಾಗಿ ಹೋಗಬಹುದು. ನಿಮ್ಮ ಅಕ್ಕನಿಗೆ ಎರಡನೇ ಹಂತದಲ್ಲಿ ಇದೇ ಔಷಧ ಇರುವುದರಿಂದ ಕೊನೆಯ ಎಂಆರ್‌ಐಯನ್ನು ಈ ಎಚ್ಚರದಿಂದಲೇ ಓದಬೇಕಾಗುತ್ತದೆ.

ಮಾಡಿಸುವಾಗ ಗಮನಿಸಬೇಕಾದ್ದು ಇಷ್ಟು. ಮೊದಲ ಎಂಆರ್‌ಐ 1.5 ಟೆಸ್ಲಾ (ಯಂತ್ರದ ಅಯಸ್ಕಾಂತದ ಬಲ) ಯಂತ್ರದಲ್ಲಿ ಆಗಿದ್ದರೆ ಮುಂದಿನದೂ ಅದರಲ್ಲೇ ಆಗಲಿ, 3 ಆಗಿದ್ದರೆ 3ರಲ್ಲೇ. ಹೊಟ್ಟೆಯ ಮೇಲೆ ಮಲಗಿ ಸ್ತನಗಳು ಚಿತ್ರ ಹಿಡಿಯುವ ಚೌಕಟ್ಟಾದ ಕಾಯಿಲ್‌ನ ಎರಡು ಗುಂಡಿಗಳಲ್ಲಿ ಇಳಿಬಿದ್ದಿರಬೇಕು, ಮಡಿಕೆ ಬಿದ್ದಿರಬಾರದು. ಅರ್ಧ ಗಂಟೆಗಿಂತ ತುಸು ಹೆಚ್ಚು ಅಲುಗಾಡದೆ ಇರಬೇಕು. ಕಾಂಟ್ರಾಸ್ಟ್‌ಗೆ ಮೊದಲಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆದು ನೋಡುತ್ತಾರೆ, ಮಧ್ಯೆ ಮೈ ಸರಿದರೆ ಆ ಲೆಕ್ಕವೇ ಕೆಟ್ಟು ಸುಳ್ಳು ಹೊಳಪು ಬರುತ್ತದೆ. ಮುಟ್ಟು ಇನ್ನೂ ಬರುತ್ತಿದ್ದರೆ 7ರಿಂದ 14ನೇ ದಿನ ಒಳ್ಳೆಯದು, ಇಲ್ಲವಾದರೆ ಸಹಜ ಅಂಗಾಂಶವೂ ಹೊಳೆಯುತ್ತದೆ. ಆದರೆ ಆ ದಿನಕ್ಕಾಗಿ ಕೀಮೊ ಮುಂದೂಡಬೇಡಿ. ಕೀಮೊಗೆ ಪೋರ್ಟ್ (ಚರ್ಮದಡಿ ಇಡುವ, ಔಷಧ ಹಾಕುವ ಸಾಧನ) ಹಾಕಿಸಿದ್ದರೆ ತಂತ್ರಜ್ಞರಿಗೆ ತಿಳಿಸಿ. ಮೂತ್ರಪಿಂಡದ ತೊಂದರೆ ಇದ್ದರೆ ಗ್ಯಾಡೊಲಿನಿಯಂ ಕೊಡುವ ಮೊದಲೇ ಹೇಳಿ.

ಪೇಸ್‌ಮೇಕರ್ ಇರುವವರಿಗೆ, ಆ ಕೊಳವೆಯೊಳಗೆ ಮಲಗಲಾಗದವರಿಗೆ ಕಾಂಟ್ರಾಸ್ಟ್ ಮ್ಯಾಮೊಗ್ರಾಮ್ ಒಂದು ಒಳ್ಳೆಯ ಬದಲಿ. ಅಯೋಡಿನ್ ಕಾಂಟ್ರಾಸ್ಟ್ ಚುಚ್ಚಿ ಸುಮಾರು ಎರಡು ನಿಮಿಷದ ನಂತರ, ಒಂದೇ ಒತ್ತಿನಲ್ಲಿ ಕಡಿಮೆ ಮತ್ತು ಹೆಚ್ಚು ಶಕ್ತಿಯ ಎರಡು ಎಕ್ಸ್‌ರೇ ತೆಗೆದು ಒಂದನ್ನು ಇನ್ನೊಂದರಿಂದ ಕಳೆಯುತ್ತಾರೆ. ಅಯೋಡಿನ್ ಅಲರ್ಜಿ ಇದ್ದರೆ ಆಗದು. ಸಾದಾ ಮ್ಯಾಮೊಗ್ರಾಮ್‌ನಲ್ಲಿ ಸುಣ್ಣದ ಕಣಗಳು ಕಂಡಿದ್ದರೆ ಅವು ಕೀಮೊದಿಂದ ಹೋಗುವುದಿಲ್ಲ. ಕ್ಯಾನ್ಸರ್ ಪೂರ್ತಿ ಸತ್ತರೂ ಕಣಗಳು ಉಳಿಯುತ್ತವೆ, ಅವು ಉಳಿದಿವೆ ಎಂದು ಗಾಬರಿಯಾಗಬೇಡಿ. ಆಪರೇಷನ್‌ನಲ್ಲಿ ಮಾತ್ರ ಅವಿದ್ದ ಭಾಗವನ್ನೂ ತೆಗೆಯುತ್ತಾರೆ.

ಪ್ರತಿ ಸುತ್ತಿಗೂ ಪೆಟ್?

ಬೇಡ. ಪೆಟ್ ಕೆಟ್ಟ ಪರೀಕ್ಷೆ ಎಂದಲ್ಲ, ಈ ಬಳಕೆಗೆ ಅದು ಹೊಂದುವುದಿಲ್ಲ. ಎಫ್‌ಡಿಜಿ ಎಂಬುದು ಪೆಟ್‌ಗೆ ಮೊದಲು ಚುಚ್ಚುವ, ವಿಕಿರಣ ಸೂಸುವ ಫ್ಲೋರಿನ್-18 ಕಟ್ಟಿದ ಸಕ್ಕರೆ. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಸಕ್ಕರೆ ಹೆಚ್ಚು ಬಳಸುವ ಕೋಶ ಹೊಳೆಯುತ್ತದೆ, ಆ ಹೊಳಪಿನ ಅಂಕಿ ಎಸ್‌ಯುವಿ. ಈ ಅಂಕಿ ಎಷ್ಟು ಸೂಕ್ಷ್ಮ ಎಂದರೆ ಚುಚ್ಚುಮದ್ದಿನ ನಂತರ 60 ನಿಮಿಷಕ್ಕೆ ತೆಗೆದ ಚಿತ್ರಕ್ಕೂ 85 ನಿಮಿಷಕ್ಕೆ ತೆಗೆದದ್ದಕ್ಕೂ ಹೋಲಿಕೆ ಸಲ್ಲದು. ರಕ್ತದ ಸಕ್ಕರೆ 200 ದಾಟಿದರೆ ಗಡ್ಡೆಗೆ ಸೇರಬೇಕಾದ ಎಫ್‌ಡಿಜಿ ಕಡಿಮೆಯಾಗುತ್ತದೆ, ಗಡ್ಡೆ ಸುಳ್ಳಾಗಿ 'ತಣ್ಣಗಾಗಿ' ಕಾಣುತ್ತದೆ. ಕೀಮೊ ಆದ ಕೂಡಲೇ ತೆಗೆದರೆ ಉರಿಯೂತವೂ ಹೊಳೆಯುತ್ತದೆ. ಕನಿಷ್ಠ ಹತ್ತು ದಿನವಾದರೂ ಬಿಟ್ಟು, ಮುಂದಿನ ಸುತ್ತಿಗೆ ಸ್ವಲ್ಪ ಮೊದಲು ತೆಗೆಯುವುದು ಸರಿ. ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಆಗಿದ್ದರೆ ಮೂಳೆಮಜ್ಜೆಯೆಲ್ಲ ಬೆಳಗುತ್ತದೆ. ಮೂಳೆಗೆ ಹರಡಿದೆ ಎಂದು ಅರ್ಧ ಓದಿದ ರಿಪೋರ್ಟ್‌ನಿಂದ ಮನೆಯವರು ಕುಸಿದುಹೋಗುವುದು ಇಂಥ ಕಡೆ. 1 ಸೆಂ.ಮೀ.ಗಿಂತ ಸಣ್ಣದಾದ ಗಡ್ಡೆಯಲ್ಲಿ ಚಿತ್ರ ಮಸುಕಾಗಿ ಅಂಕಿ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ. ವಿಕಿರಣದ ಲೆಕ್ಕವೂ ಇದೆ: ಎರಡೂ ಸ್ತನಗಳ ಮ್ಯಾಮೊಗ್ರಾಮ್‌ಗೆ 0.4 ಮಿಲಿಸೀವರ್ಟ್ ಆಸುಪಾಸು, ಒಂದು ಪೆಟ್-ಸಿಟಿಗೆ ವಿಧಾನ ನೋಡಿಕೊಂಡು 10ರಿಂದ 25.

ಪೆಟ್ ನಿಜವಾಗಿ ಚಿಕಿತ್ಸೆಯನ್ನು ಬದಲಿಸಿದ ಉದಾಹರಣೆ ಇಲ್ಲದಿಲ್ಲ. 2021ರಲ್ಲಿ ಪ್ರಕಟವಾದ ಫರ್‌ಗೇನ್ ಪರೀಕ್ಷೆಯಲ್ಲಿ ಹರ್-2 ಪಾಸಿಟಿವ್ ರೋಗಿಗಳಿಗೆ ಕೀಮೊ ಇಲ್ಲದೆ ಎರಡು ಹರ್-2 ಔಷಧ ಕೊಟ್ಟು, ಎರಡು ಸುತ್ತಿನ ನಂತರ ಪೆಟ್ ಮಾಡಿದರು. ಎಸ್‌ಯುವಿ ಶೇ. 40ಕ್ಕಿಂತ ಕಡಿಮೆ ಇಳಿದವರಿಗೆ ಕೀಮೊ ಸೇರಿಸಿದರು, ಉಳಿದವರು ಕೀಮೊ ಇಲ್ಲದೆ ಮುಂದುವರಿದರು. ಅಲ್ಲಿ ಸ್ಕ್ಯಾನ್‌ಗೆ ಮೊದಲೇ ನಿರ್ಧಾರ ಬರೆದಿಟ್ಟಿದ್ದರು: ಹೀಗೆ ಬಂದರೆ ಇದು, ಹಾಗೆ ಬಂದರೆ ಅದು. ನಿಮ್ಮ ಅಕ್ಕನ ಪ್ರಕಾರದ ಕ್ಯಾನ್ಸರ್‌ಗೆ ಅಂಥ ಒಪ್ಪಿತ ಗೆರೆ ಇಲ್ಲ. ಬಂದ ಅಂಕಿಯಿಂದ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲದ ಸ್ಕ್ಯಾನ್ ಕೇವಲ ಆತಂಕವನ್ನು ಹೆಚ್ಚಿಸುತ್ತದೆ. ದೂರದ ಅಂಗಗಳಿಗೆ ಹರಡಿದೆಯೇ ಎಂಬ ಸಂದೇಹ ಹುಟ್ಟಿದರೆ ಆ ಮಾತು ಬೇರೆ, ಆಗ ಪೆಟ್ ಸರಿಯಾದ ಪರೀಕ್ಷೆ.

ಈಸ್ಟ್ರೊಜೆನ್ ಪೆಟ್ ಬಗ್ಗೆ ಕೇಳಿದ್ದೀರಿ. ಎಫ್‌ಇಎಸ್ ಎನ್ನುವ ಈ ವಸ್ತು ಕೋಶದಲ್ಲಿ ಹಾರ್ಮೋನನ್ನು ಹಿಡಿಯುವ ಈಸ್ಟ್ರೊಜೆನ್ ರಿಸೆಪ್ಟರ್‌ಗೆ ಅಂಟುತ್ತದೆ. ಅಮೆರಿಕದಲ್ಲಿ 2020ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು, ಮರುಕಳಿಸಿದ ಅಥವಾ ಹರಡಿದ ಹಾರ್ಮೋನ್ ಪಾಸಿಟಿವ್ ಕ್ಯಾನ್ಸರ್‌ನಲ್ಲಿ ಬಯಾಪ್ಸಿಗೆ ಪೂರಕವಾಗಿ. ಟ್ರಿಪಲ್ ನೆಗೆಟಿವ್ ಎಂದರೆ ಆ ರಿಸೆಪ್ಟರೇ ಇಲ್ಲ, ಹರ್-2 ಕೂಡ ಇಲ್ಲ. ಹಾಗಾಗಿ ಈ ಪೆಟ್ ಆಗಲಿ, ಇನ್ನೂ ಸಂಶೋಧನೆಯಲ್ಲಿರುವ ಹರ್-2 ಪೆಟ್ ಆಗಲಿ ನಿಮ್ಮ ಅಕ್ಕನಿಗಲ್ಲ.

ಬೆಳಕಿನ ಸ್ಕ್ಯಾನ್

ಇದು ಕುತೂಹಲದ ವಿಷಯ. 650ರಿಂದ 1000 ನ್ಯಾನೊಮೀಟರ್ ನಡುವಿನ ಕೆಂಪು ಮತ್ತು ಅವಕೆಂಪು (ಇನ್‌ಫ್ರಾರೆಡ್) ಬೆಳಕು ಅಂಗಾಂಶದೊಳಗೆ ಕೆಲವು ಸೆಂಟಿಮೀಟರ್ ಹೋಗುತ್ತದೆ. ಆಮ್ಲಜನಕ ಇರುವ ಹಿಮೊಗ್ಲೋಬಿನ್, ಇಲ್ಲದ ಹಿಮೊಗ್ಲೋಬಿನ್, ನೀರು, ಕೊಬ್ಬು, ಇವು ಒಂದೊಂದೂ ಬೇರೆ ಬೇರೆ ಬಣ್ಣವನ್ನು ಹೀರುತ್ತವೆ. ವಾಪಸು ಬಂದ ಬೆಳಕನ್ನು ಅಳೆದು ಗಡ್ಡೆಯಲ್ಲಿ ರಕ್ತ ಎಷ್ಟು, ಆಮ್ಲಜನಕ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಚುಚ್ಚುವುದಿಲ್ಲ, ವಿಕಿರಣವಿಲ್ಲ, ಹಾಸಿಗೆಯ ಪಕ್ಕದಲ್ಲೇ ಕೈಹಿಡಿ ಪ್ರೋಬ್‌ನಿಂದ ಮಾಡಬಹುದು. ಆದ್ದರಿಂದ ಮೊದಲ ಕೀಮೊ ಆದ ಮರುದಿನವೇ ನೋಡಲೂ ಅಡ್ಡಿಯಿಲ್ಲ. 2011ರ ಒಂದು ಸಂಶೋಧನೆಯಲ್ಲಿ ಮೊದಲ ಡೋಸಿನ ಮರುದಿನ ಆಮ್ಲಜನಕಯುಕ್ತ ಹಿಮೊಗ್ಲೋಬಿನ್ ಒಮ್ಮೆಲೇ ಏರುವುದು ಚಿಕಿತ್ಸೆಗೆ ಸ್ಪಂದಿಸಿದವರಲ್ಲಿ ಕಂಡಿತು. ಹಲವು ಕೇಂದ್ರಗಳ ಎಕ್ರಿನ್ 6691 ಅಧ್ಯಯನ 2016ರಲ್ಲಿ ಬಂತು. ಆದರೆ ಅದರಲ್ಲಿದ್ದ ರೋಗಿಗಳ ಸಂಖ್ಯೆ ಸಣ್ಣದು. ಪ್ರೋಬನ್ನು ಒತ್ತಿದರೆ ರಕ್ತ ಸರಿದು ಅಂಕಿ ಬದಲಾಗುತ್ತದೆ, ಚರ್ಮದ ಮೆಲನಿನ್ ಬೆಳಕನ್ನು ಹೀರುತ್ತದೆ, ಆಳದಲ್ಲಿರುವ ಗಡ್ಡೆಗೆ ಬೆಳಕು ತಲುಪುವುದಿಲ್ಲ. ದಿನನಿತ್ಯದ ಚಿಕಿತ್ಸೆಗೆ ಇದು ಇನ್ನೂ ಬಂದಿಲ್ಲ. ಯಾವುದಾದರೂ ಸಂಶೋಧನೆಯಲ್ಲಿ ಸೇರಲು ಕರೆದರೆ ಧಾರಾಳವಾಗಿ ಸೇರಬಹುದು, ತೊಂದರೆಯೇನೂ ಇಲ್ಲ. ಅದರ ಫಲಿತಾಂಶ ನೋಡಿ ಕೀಮೊ ನಿಲ್ಲಿಸುವುದು ಮಾತ್ರ ಬೇಡ.

ಏನೂ ಕಾಣದಿದ್ದರೆ ಆಪರೇಷನ್ ತಪ್ಪೀತೆ?

ಈಗಿನ ಮಟ್ಟಿಗೆ ಇಲ್ಲ. ಎಂಆರ್‌ಐಯಲ್ಲಿ ಸ್ವಚ್ಛ ಎಂದರೆ ಮೈಕ್ರೋಸ್ಕೋಪಿನಲ್ಲಿ ಸ್ವಚ್ಛ ಎಂದಲ್ಲ. ಎನ್‌ಆರ್‌ಜಿ ಬಿಆರ್005 ಎಂಬ ಪರೀಕ್ಷೆಯಲ್ಲಿ ಕೈಗೂ ಸ್ಕ್ಯಾನಿಗೂ ಬಹುತೇಕ ಏನೂ ಸಿಗದವರಿಗೆ ಗಡ್ಡೆ ಇದ್ದ ಜಾಗದಲ್ಲಿ ಬಯಾಪ್ಸಿ ಮಾಡಿ, ಆಮೇಲೆ ಆಪರೇಷನ್ ಮಾಡಿ ಹೋಲಿಸಿದರು. ಬಯಾಪ್ಸಿ 'ಕ್ಯಾನ್ಸರ್ ಇಲ್ಲ' ಎಂದವರಲ್ಲಿ ಶೇ. 77.5 ಮಂದಿಗೆ ಮಾತ್ರ ಅದು ನಿಜವಾಯಿತು. ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ರೋಗ ಉಳಿದಿತ್ತು. ಇನ್ನೊಂದು ಕಡೆ, ಟ್ರಿಪಲ್ ನೆಗೆಟಿವ್ ಮತ್ತು ಹರ್-2 ರೋಗಿಗಳನ್ನು ಕಟ್ಟುನಿಟ್ಟಾಗಿ ಆರಿಸಿ, ವ್ಯಾಕ್ಯೂಮ್ ಸಹಾಯದ ದೊಡ್ಡ ಬಯಾಪ್ಸಿ ಮಾಡಿ, ಏನೂ ಸಿಗದ 31 ಮಂದಿಗೆ ಆಪರೇಷನ್ ಬಿಟ್ಟು ರೇಡಿಯೇಷನ್ ಮಾತ್ರ ಕೊಟ್ಟ ಅಧ್ಯಯನ 2022ರಲ್ಲಿ ಪ್ರಕಟವಾಗಿದೆ. ಸುಮಾರು ಎರಡು ವರ್ಷದ ಆ ಅವಧಿಯಲ್ಲಿ ಯಾರಿಗೂ ಸ್ತನದಲ್ಲಿ ಮರುಕಳಿಸಲಿಲ್ಲ. ದಾರಿ ತೆರೆಯುತ್ತಿದೆ, ಆದರೆ ಇನ್ನೂ ಸಂಶೋಧನೆಯ ಚೌಕಟ್ಟಿನೊಳಗೆ ಮಾತ್ರ. ಅಲ್ಲದೆ ಆಪರೇಷನ್‌ನಲ್ಲಿ ತೆಗೆದ ಅಂಗಾಂಶವೇ ಮುಂದಿನ ಔಷಧವನ್ನು ನಿರ್ಧರಿಸುತ್ತದೆ. ಟ್ರಿಪಲ್ ನೆಗೆಟಿವ್‌ನಲ್ಲಿ ರೋಗ ಉಳಿದಿದ್ದರೆ ಕೆಪೆಸಿಟಬಿನ್ ಮಾತ್ರೆಯಂಥ ಹೆಚ್ಚಿನ ಚಿಕಿತ್ಸೆಯಿಂದ ಲಾಭವಿದೆ ಎಂದು 2017ರ ಕ್ರಿಯೇಟ್-ಎಕ್ಸ್ ಪರೀಕ್ಷೆ ತೋರಿಸಿದೆ. ಆಪರೇಷನ್ ಬಿಟ್ಟರೆ ಈ ಮಾಹಿತಿಯೇ ಕೈತಪ್ಪುತ್ತದೆ.

ಇಲ್ಲಿ ನೀವು ಕೇಳದ, ಆದರೆ ಈ ವಾರವೇ ವಿಚಾರಿಸಬೇಕಾದ ಒಂದು ಸಂಗತಿ: ಗಡ್ಡೆಯಲ್ಲಿ ಕ್ಲಿಪ್ ಇಟ್ಟಿದ್ದಾರೆಯೇ? ಬಯಾಪ್ಸಿಯ ಸೂಜಿಯಂಥದ್ದೇ ಸೂಜಿಯಿಂದ, ಅಕ್ಕಿಕಾಳಿಗಿಂತ ಚಿಕ್ಕದಾದ, ಸಾಮಾನ್ಯವಾಗಿ ಟೈಟೇನಿಯಂನ ಗುರುತನ್ನು ಗಡ್ಡೆಯ ನಡುವೆ ಬಿಡುತ್ತಾರೆ. ಕೀಮೊ ಚೆನ್ನಾಗಿ ಹಿಡಿದು ಗಡ್ಡೆ ಮಾಯವಾದರೆ ಎಲ್ಲಿ ಕೊಯ್ಯಬೇಕೆಂದು ಸರ್ಜನ್‌ಗೆ ತಿಳಿಯುವುದು ಇದರಿಂದಲೇ. ಕ್ಯಾನ್ಸರ್ ಸಿಕ್ಕ ಕಂಕುಳಿನ ಗ್ರಂಥಿಗೂ ಇನ್ನೊಂದು ಕ್ಲಿಪ್ ಬೇಕು, ಆಗ ಎಲ್ಲ ಗ್ರಂಥಿಗಳನ್ನೂ ತೆಗೆಯದೆ ಆ ಒಂದನ್ನು ಗುರಿಯಿಟ್ಟು ತೆಗೆಯುವ ಸಾಧ್ಯತೆ ಉಳಿಯುತ್ತದೆ. ಇನ್ನೂ ಇಟ್ಟಿಲ್ಲವಾದರೆ ಗಡ್ಡೆ ಕಾಣುತ್ತಿರುವ ಈಗಲೇ ಇಡಿಸಿ. ಈ ಅರ್ಥದಲ್ಲಿ ನಿಮ್ಮ 3.4 ಸೆಂ.ಮೀ. ಅನುಕೂಲವೇ.

ಹಾಗಾದರೆ ಮುಂದೇನು

ನಾನಾದರೆ ಹೀಗೆ ಮಾಡುತ್ತೇನೆ. ಕೀಮೊ ನಿಲ್ಲಿಸದೆ, ಮೊದಲು ನೋಡಿದ ರೇಡಿಯಾಲಜಿಸ್ಟ್ ಹತ್ತಿರವೇ ಅಲ್ಟ್ರಾಸೌಂಡ್ ಇನ್ನೊಮ್ಮೆ, ಹಳೆಯ ಚಿತ್ರಗಳನ್ನು ಪಕ್ಕದಲ್ಲಿಟ್ಟು. ಬರೀ ರಿಪೋರ್ಟ್ ಹಾಳೆ ಒಯ್ದರೆ ಸಾಲದು, ಚಿತ್ರಗಳ ಸಿಡಿ ಬೇಕು. ಕಂಕುಳನ್ನೂ ನೋಡಲಿ. ನಾಲ್ಕನೇ ಎಸಿ ಮುಗಿದು ಪ್ಯಾಕ್ಲಿಟ್ಯಾಕ್ಸೆಲ್ ಶುರುವಾಗುವ ಮೊದಲು ಒಂದು ಎಂಆರ್‌ಐ. ರಿಪೋರ್ಟ್‌ನಲ್ಲಿ ಉದ್ದದ ಜೊತೆ ಘನಗಾತ್ರ, ಕಾಂಟ್ರಾಸ್ಟ್ ಸೇರುವ ರೀತಿ, ಎಡಿಸಿ, ಸಮವಾಗಿ ಕುಗ್ಗಿದೆಯೋ ಚೂರಾಗಿದೆಯೋ ಎಂಬುದನ್ನೂ ಬರೆಯಲು ಕೇಳಿಕೊಳ್ಳಿ. ಎಲ್ಲ ಮುಗಿದ ಮೇಲೆ ಆಪರೇಷನ್‌ಗೆ ಮುಂಚೆ ಇನ್ನೊಂದು.

ಆತುರದಲ್ಲಿ ಈಗಲೇ ಔಷಧ ಬದಲಿಸುವುದಕ್ಕೆ ಅಪಾಯವಿದೆ. ಹಿಡಿಯುತ್ತಿರುವ ಔಷಧವನ್ನೇ ಬಿಟ್ಟುಬಿಡುವ ಸಂಭವ ಇದೆ. ಜರ್ಮನಿಯ ಗೆಪಾರ್‌ಟ್ರಿಯೊ ಪರೀಕ್ಷೆಯಲ್ಲಿ ಎರಡು ಸುತ್ತಿಗೆ ಸ್ಪಂದಿಸದವರಿಗೆ ಔಷಧ ಬದಲಿಸಿ ನೋಡಿದರು. ಆಪರೇಷನ್ ವೇಳೆಗೆ ಕ್ಯಾನ್ಸರ್ ಪೂರ್ತಿ ಹೋದವರ ಪ್ರಮಾಣ ಅದರಿಂದ ಹೆಚ್ಚಲಿಲ್ಲ. ವರ್ಷಗಳ ನಂತರ ಮರುಕಳಿಕೆ ಕಡಿಮೆ ಕಂಡಿತಾದರೂ ಆ ಲಾಭ ಮುಖ್ಯವಾಗಿ ಹಾರ್ಮೋನ್ ಪಾಸಿಟಿವ್ ಗುಂಪಿನದು. ನಿಮ್ಮ ಅಕ್ಕನ ಯೋಜನೆಯಲ್ಲಂತೂ ಔಷಧ ಬದಲಾವಣೆ ಇನ್ನೆರಡು ಸುತ್ತಿನಲ್ಲಿ ತಾನಾಗಿಯೇ ಬರುತ್ತದೆ. ಸುಮ್ಮನೆ ಕಾಯುವುದಕ್ಕೂ ಅಪಾಯವಿದೆ ನಿಜ. ಟ್ರಿಪಲ್ ನೆಗೆಟಿವ್ ಗಡ್ಡೆಗಳಲ್ಲಿ ಕೆಲವು ಕೀಮೊ ನಡೆಯುತ್ತಿರುವಾಗಲೇ ಬೆಳೆಯುತ್ತವೆ. ಅದಕ್ಕಾಗಿ ಪ್ರತಿ ಸುತ್ತಿಗೂ ಡಾಕ್ಟರು ಕೈಯಿಂದ ಮುಟ್ಟಿ ನೋಡಿ ಅಳತೆ ಬರೆದಿಡಬೇಕು. ಯಂತ್ರವಿಲ್ಲದ ಈ ಪರೀಕ್ಷೆಯನ್ನು ಬಿಡಬೇಡಿ ಎಂದು ನೀವೇ ನೆನಪಿಸಿ.

ಗಡ್ಡೆ ನಿಮ್ಮ ಅಕ್ಕನ ಕೈಗೇ ದೊಡ್ಡದಾಗಿದೆ ಎನಿಸಿದರೆ, ಮೇಲಿನ ಚರ್ಮ ಕೆಂಪಾಗಿ ಕಿತ್ತಳೆ ಸಿಪ್ಪೆಯಂತೆ ದಪ್ಪವಾದರೆ, ಕಂಕುಳಿನಲ್ಲೋ ಕೊರಳೆಲುಬಿನ ಮೇಲೋ ಹೊಸ ಗಂಟು ಸಿಕ್ಕರೆ, ಎಂಆರ್‌ಐ ತಾರೀಖಿಗೆ ಕಾಯದೆ ಅದೇ ದಿನ ಆಂಕಾಲಜಿಸ್ಟ್‌ಗೆ ಫೋನ್ ಮಾಡಿ.